ಸಿತಾರಾ ಮತ್ತು ಒಂಟಿ ಸೀನು

ನಾನು ಹುಟ್ಟಿದಾಗಿನಿಂದ ಒಂದೇ ಒಂದು ಕುದುರೆ ರೇಸನ್ನೂ ಕಣ್ಣಾರೆ ಕಂಡವನಲ್ಲ. ಇದನ್ನು ಬೇರೆ ಯಾರಾದರೂ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಬೇರೆ ಯಾರಾದರೂ ಎಂದರೆ ನನ್ನ ಧರ್ಮಪತ್ನಿ ಮೈಲಮ್ಮ. "ನಮ್ಮನೆಯೋರು ರೇಸಿನಾಗೆ ಕಾಸು ಕಳಕೊಂಡಿಲ್ಲ ಕಣ್ರೀ, ಬರೀ ಬುದ್ಧಿ ಕಳಕೊಂಡಾರೆ" ಎಂದು ಬೀದಿ ನಲ್ಲಿಯ ಹತ್ತಿರ ಅವಳು ಹೇಳಿದ್ದು ದಾವಣಗೆರೆಯ ಅರ್ಧ ಊರಿಗೆ ಗೊತ್ತು. ಉಳಿದ ಅರ್ಧ ಊರಿಗೆ ನಲ್ಲಿ ನೀರು ಬರುವುದಿಲ್ಲ.

ಕಾಣದಿದ್ದರೇನಂತೆ? ಬೆಂಗಳೂರಿನ ಪೇಪರು ರೈಲಿನಿಂದ ಇಳಿದ ಕೂಡಲೇ ರೇಸಿನ ಪುಟವನ್ನು ನಾನು ಬಾಯಿಪಾಠ ಮಾಡುತ್ತೇನೆ. ಯಾವ ಕುದುರೆಯ ತಾಯಿ ಯಾರು, ಅಜ್ಜಿ ಯಾರು, ಯಾವ ಜಾಕಿ ಎಷ್ಟು ತೂಗುತ್ತಾನೆ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದೆ. (ಹೆಂಡತಿಯ ಅಜ್ಜಿಯ ಹೆಸರು ಕೇಳಿದರೆ ಮಾತ್ರ ತಡವರಿಸುತ್ತೇನೆ. ಈ ವಿಷಯವಾಗಿ ಮನೆಯಲ್ಲಿ ಸಾಕಷ್ಟು ಮಾತುಕತೆ ಆಗಿದೆ.) ಮಿಲ್ಲಿನ ಆಫೀಸಿನಲ್ಲಿ ಊಟದ ಬಿಡುವಿಗೆ ನಾನು ಮೇಜು ಬಡಿಯುತ್ತ ಟಕಟಕ ಟಕಟಕ ಎಂದು ರೇಸು ಹೇಳತೊಡಗಿದರೆ, ಗುಮಾಸ್ತರು ಕೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕುವುದನ್ನೇ ಮರೆತು ಕೂರುತ್ತಿದ್ದರು.

ಹೊಸ ಪೈಸೆ ಬಂದ ಈ ಐವತ್ತೇಳನೇ ಇಸವಿಯಲ್ಲಿ ನನ್ನ ತಪಸ್ಸು ಫಲಿಸುವುದರಲ್ಲಿತ್ತು. ನನ್ನ ಎದುರು ಮೇಜಿನ ವಾಮದೇವಪ್ಪನ ಷಡ್ಡಕನೊಬ್ಬ ಬೆಂಗಳೂರಿನಲ್ಲಿ ಮನೆ ಮಾಡಿದ್ದ. ಮಹಡಿ ಹತ್ತಿದರೆ ರೇಸ್ ಕೋರ್ಸಿನ ಬೇಲಿ ಕಾಣುತ್ತದಂತೆ! ನಾನೂ ವಾಮದೇವಪ್ಪನೂ ಹೋಗುವುದೆಂದು ನಿಶ್ಚಯವಾಯಿತು. ರಜೆ ಮಂಜೂರಾಯಿತು. ಟ್ರಂಕಿಗೆ ಇಸ್ತ್ರಿ ಬಟ್ಟೆ ಹೋಯಿತು. ಅಷ್ಟರಲ್ಲಿ ಫ್ಲೂ ಬಂತು.

ಅದೆಲ್ಲಿಯದೋ ಸಮುದ್ರದಾಚೆಯ ಜ್ವರ. ಹಡಗಿನಲ್ಲಿ ಮದರಾಸಿಗೆ ಇಳಿದು, ರೈಲು ಹತ್ತಿ ಬೆಂಗಳೂರಿಗೆ ಬಂದಿತ್ತು. ಪೇಪರಿನಲ್ಲಿ ರೇಸಿನ ಪುಟಕ್ಕಿಂತ ಫ್ಲೂ ಸುದ್ದಿಯೇ ಉದ್ದವಾಗತೊಡಗಿತು. ಮೈಲಮ್ಮ ನನ್ನ ಟ್ರಂಕಿನ ಮೇಲೆ ಹೋಗಿ ಕೂತಳು.

"ಏಳೇ, ರೈಲಿಗೆ ಹೊತ್ತಾತು."

"ಬೆಂಗಳೂರಾಗೆ ಮನಿಗೊಬ್ರು ಮಲಗ್ಯಾರಂತೆ. ಅಲ್ಲೇನು ಐತೆ ಅಂತ ಹೊಂಟೀರಿ?"

"ಮನುಷ್ಯರು ಮಲಗ್ಯಾರೆ ಕಣೇ. ಕುದುರೆ ಮಲಗಿಲ್ಲ!"

"ಕುದುರೆಗೆ ಇರೋ ಬುದ್ಧಿ ನಿಮಗಿಲ್ಲ. ಅವು ತಮ್ಮ ಪಾಡಿಗೆ ಲಾಯದಾಗೆ ಇರ್ತಾವೆ. ನೀವೂ ಇರ್ರಿ."

ವಾದ ಮುಗಿಯುವ ಮೊದಲೇ ವಾಮದೇವಪ್ಪನ ಮನೆಯಿಂದ ಸುದ್ದಿ ಬಂತು. ಅವನೂ ಮಲಗಿದ್ದ. ನಾನು ಬೆಂಗಳೂರಿಗೆ ಹೋಗದಿದ್ದರೂ ಬೆಂಗಳೂರಿನ ಫ್ಲೂ ನಮ್ಮೂರಿಗೆ ಬಂದಿತ್ತು. ಮಿಲ್ಲಿನ ಕೂಗು ಎಂದಿನಂತೆ ಕೂಗುತ್ತಿತ್ತು, ಕೇಳಿ ಎದ್ದು ಬರುವವರೇ ಕಡಿಮೆಯಾದರು. ಆಸ್ಪತ್ರೆಯ ಮುಂದೆ ಔಷಧದ ಸೀಸೆ ಹಿಡಿದವರ ಸಾಲು ಬೀದಿಯ ತಿರುವಿನತನಕ ಬೆಳೆಯಿತು. ನಾನು ಮಾತ್ರ ಮೈಯಲ್ಲಿ ಯಾವ ಜ್ವರವೂ ಇಲ್ಲದೆ, ಇಸ್ತ್ರಿ ಬಟ್ಟೆಯ ಟ್ರಂಕನ್ನು ನೋಡುತ್ತ ಕೊರಗುತ್ತಿದ್ದೆ.

ಇಂಥ ಹೊತ್ತಿನಲ್ಲಿ ನಮ್ಮ ಮಾವನವರ ಆಗಮನವಾಯಿತು.

ಮಾವ ಮಲ್ಲೇಶಪ್ಪನವರು ಹರಿಹರದಲ್ಲಿ ಒಣಮೆಣಸಿನಕಾಯಿ ಮಂಡಿ ಇಟ್ಟವರು. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಸೊಂಟದಲ್ಲಿ ಯಾವಾಗಲೂ ನಶ್ಯದ ಡಬ್ಬಿ. ಗಂಡುಮಕ್ಕಳಿಲ್ಲ. ಆದ್ದರಿಂದ ಅಳಿಯನಾದ ನಾನು ಮಿಲ್ಲಿನ ಕೆಲಸ ಬಿಟ್ಟು, ಹರಿಹರಕ್ಕೆ ಬಂದು, ಮಂಡಿಯ ಗಲ್ಲಾದ ಹಿಂದೆ ಕೂರಬೇಕೆಂಬುದು ಅವರ ಬಹುದಿನದ ಹಂಬಲ. ಅಂದರೆ ಮನೆಅಳಿಯ! ಆ ಶಬ್ದ ಕೇಳಿದರೆ ನನಗೆ ನಿಂತ ನೆಲವೇ ನಡುಗಿದಂತಾಗುತ್ತಿತ್ತು. ಆಫೀಸಿನಲ್ಲಿ ನನಗೆಂದೇ ಒಂದು ಕುರ್ಚಿ ಇತ್ತು, ಕುರ್ಚಿಗೆ ಕೈ ಇತ್ತು, ಏಕಾಂತಪ್ಪ ಎಂದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಹರಿಹರಕ್ಕೆ ಹೋದರೆ ನಾನು 'ಮೆಣಸಿನಕಾಯಿ ಮಲ್ಲೇಶಪ್ಪನ ಅಳಿಯ', ಅಷ್ಟೇ.

ಅವರು ಬಂದದ್ದು ಫ್ಲೂ ಇಳಿಯುವತನಕ ಮಗಳನ್ನು ಕರೆದುಕೊಂಡು ಹೋಗಲು. "ನಮ್ಮೂರಾಗೆ ಹೊಳೆ ಗಾಳಿ ಐತೆ. ಜ್ವರ ಒಳಗೇ ಬರಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, "ಏನ್ ಅಳಿಯಂದ್ರೆ, ಬೆಂಗಳೂರು ತಪ್ಪಿತಂತೆ? ಓಡೋ ಕುದುರೆ ನೋಡಾಕೆ ಅಷ್ಟು ದೂರ ಯಾಕ? ನಮ್ಮ ಐರಾವತನ್ನ ನೋಡ್ರಿ" ಎಂದು ಬಾಗಿಲಲ್ಲಿ ನಿಂತಿದ್ದ ತಮ್ಮ ಜಟಕಾದ ಕಡೆ ಕೈ ತೋರಿಸಿದರು.

ಕುದುರೆಗೆ ಆನೆಯ ಹೆಸರಿಟ್ಟ ಮನುಷ್ಯ ಭೂಲೋಕದಲ್ಲಿ ನಮ್ಮ ಮಾವ ಒಬ್ಬರೇ ಇರಬೇಕು. ಆ ಪ್ರಾಣಿ ನಮ್ಮ ಬೇಲಿಯ ತೊಂಡೆಬಳ್ಳಿಯನ್ನು ನಿಧಾನವಾಗಿ ಭಕ್ಷಿಸುತ್ತಿತ್ತು. ನನ್ನೊಳಗಿನ ರೇಸುಗಾರ ಕೆರಳಿದ.

"ಮಾವಾರೆ, ತಪ್ಪು ತಿಳೀಬ್ಯಾಡ್ರಿ. ನಮ್ಮ ಲಾಲ್ ಸಾಬ್ರ ಸಿತಾರಾ ಮುಂದೆ ನಿಮ್ಮ ಐರಾವತ ಆಮೆ."

"ಹೌದಾ? ಹಂಗಾದ್ರೆ ಓಡಿಸಿಬಿಡಾನ. ದಾವಣಗೆರೆ ಸ್ಟೇಷನ್ನಿಂದ ನಮ್ಮ ಮಂಡಿ ಕಟ್ಟೆ ತನಕ."

"ಓಡಿಸಿಬಿಡಾನ!"

"ಐರಾವತ ಗೆದ್ರೆ ನೀವು ಕೆಲಸ ಬಿಟ್ಟು ಗಲ್ಲಾದಾಗೆ ಕೂಡ್ರಬೇಕು. ಸಿತಾರಾ ಗೆದ್ರೆ ನಾನು ಮನೆಅಳಿಯನ ಮಾತು ಮತ್ತೆ ಎತ್ತಂಗಿಲ್ಲ."

ಆಗಲೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಬೆಂಗಳೂರು ತಪ್ಪಿದ ಹೊಟ್ಟೆಯುರಿ. ಜೊತೆಗೆ ಮಾವ ಎಲ್ಲಿ ಹಿಂದೆ ಸರಿಯುತ್ತಾರೋ ಎಂದು, ಪೇಪರಿನಲ್ಲಿ ಓದಿದ ಒಂದು ಶಾಸ್ತ್ರವನ್ನೂ ಸೇರಿಸಿದೆ. "ಬರೋ ಭಾನುವಾರ ಬೆಳಿಗ್ಗೆ. ಅವತ್ತು ಕುದುರೆ ತರದೇ ಇದ್ದೋರು ಸ್ಕ್ರಾಚ್. ಅಂದ್ರೆ ಸೋತಂಗೆ. ಯಾವ ನೆಪಾನೂ ನಡಿಯಂಗಿಲ್ಲ!" ಎಂದು ಗುಡುಗಿದೆ. ಮಾವ ನಶ್ಯ ಏರಿಸಿ ನಕ್ಕರು. ಮೈಲಮ್ಮ ಏನೂ ಹೇಳದೆ ಸೀರೆ ಗಂಟು ಕಟ್ಟಿಕೊಂಡು ಅಪ್ಪನ ಜಟಕಾ ಹತ್ತಿದಳು. ಅವಳು ಏನೂ ಹೇಳದಿದ್ದಾಗ ನಾನು ಹೆದರಬೇಕಿತ್ತು.

ಈಗ ಸಿತಾರಾಳ ವಿಷಯ ಹೇಳಲೇಬೇಕು. ಅವಳು ಲಾಲ್ ಸಾಬ್ರ ಜಟಕಾದ ಬಿಳಿ ಹೆಣ್ಣುಕುದುರೆ. ಓಟದಲ್ಲಿ ನಮ್ಮ ಸ್ಟೇಷನ್ ಬೀದಿಗೇ ಸಾಟಿಯಿಲ್ಲ. ದೋಷ ಒಂದೇ. ನಮ್ಮ ಜನ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನವೆಂದು ನಿಂತುಬಿಡುತ್ತಾರಲ್ಲ, "ತಡೀರಿ ಸಾಬ್ರೆ, ಒಂಟಿ ಸೀನು ಆತು" ಎಂದು ಲಗಾಮು ಎಳೆಸುತ್ತಾರಲ್ಲ, ಇನ್ನೊಂದು ಸೀನು ಬಿದ್ದು ಜೋಡಿಯಾದರೆ "ಇನ್ ಹೊಡೀರಿ" ಎನ್ನುತ್ತಾರಲ್ಲ, ಇದನ್ನು ವರ್ಷಗಟ್ಟಲೆ ಕಂಡು ಕಂಡು ಸಿತಾರಾ ಆ ಶಾಸ್ತ್ರವನ್ನು ತಾನೇ ಕಲಿತುಬಿಟ್ಟಿದ್ದಳು. ಒಂದು ಸೀನು ಕೇಳಿದರೆ ನಿಲ್ಲುವಳು. ಎರಡನೆಯದು ಕೇಳುವವರೆಗೆ ದೇವರು ಬಂದು ತಳ್ಳಿದರೂ ಕದಲಳು. ಒಮ್ಮೆ ಹರಿಹರಕ್ಕೆ ಮದುವೆಗೆ ಹೋಗುವಾಗ ಮೈಲಮ್ಮ ಸೀನಿ, ನಾವು ಬಾತಿ ಕೆರೆಯ ಏರಿಯ ಮೇಲೆ ನಿಂತೇ ಧಾರೆಯ ಮುಹೂರ್ತ ಕಳೆದಿದ್ದೆವು.

ಅಂಥ ಕುದುರೆಯನ್ನು ಊರಿಗೆ ಊರೇ ಸೀನುತ್ತಿರುವಾಗ ರೇಸಿಗೆ ಇಳಿಸಿದ್ದೇನೆಂಬುದು ನನಗೆ ಹೊಳೆದದ್ದು ಮಾವನ ಜಟಕಾ ಬೀದಿ ತಿರುಗಿದ ಮೇಲೆ. ಆ ವಾರವೆಲ್ಲ ಯಾರು ಸೀನಿದರೂ ಎದೆ ಧಸಕ್ಕೆನ್ನುತ್ತಿತ್ತು.

ಭಾನುವಾರ ಲಾಲ್ ಸಾಬ್ರ ಮನೆಗೆ ಹೋದರೆ ಅವರ ಹೆಂಡತಿ ಇಮಾಂಬೀ ಬಾಗಿಲಲ್ಲೇ ತಡೆದರು. "ಒಳಗೆ ಬರಬ್ಯಾಡ್ರಿ ಭಾಯಿ. ಅವರಿಗೆ ಬುಖಾರ್ ಬಂದೈತೆ." ಒಳಗೆ ಕಂಬಳಿಯ ಗುಡ್ಡೆಯೊಂದು ನಡುಗುತ್ತಿತ್ತು.

"ಇನ್ನೊಂದು ದಿನ ಇಟ್ಕೊಳ್ರಿ ಏಕಾಂತಪ್ನೋರೆ" ಎಂದಿತು ಕಂಬಳಿ.

"ಆಗಲ್ಲ ಸಾಬ್ರೆ. ಸ್ಕ್ರಾಚ್ ಆಗ್ತೈತೆ."

"ಹಂಗಂದ್ರೆ?"

"ಹಂಗಂದ್ರೆ ನಾನು ಮೆಣಸಿನಕಾಯಿ ಮಂಡಿ."

ಕಂಬಳಿಯಿಂದ ಒಂದು ಕೈ ಹೊರಬಂದು ಸಿತಾರಾಳ ಕಡೆ ತೋರಿಸಿತು. "ಹಂಗಾದ್ರೆ ನೀವೇ ಹೊಡೀರಿ. ಚಾವಟಿ ಬ್ಯಾಡ. ಚಲ್ ಬೇಟಿ ಅಂದ್ರೆ ಸಾಕು, ಹಾರ್ತಾಳೆ. ಆದ್ರೆ ಸ್ವಾಮೇರ, ಸೀನಬ್ಯಾಡ್ರಿ!"

ನೀಲಗಿರಿ ಎಣ್ಣೆಯಲ್ಲಿ ಅದ್ದಿದ ವಸ್ತ್ರವನ್ನು ಮೂಗಿಗೆ ಬಿಗಿದು ನಾನು ಲಗಾಮು ಹಿಡಿದೆ. ಸ್ಟೇಷನ್ ಮುಂದೆ ಜನ ಸೇರಿದ್ದರು. "ಸೀನು ಬರೋರು ದೂರ ನಿಲ್ಲಬೇಕು!" ಎಂದು ಕೂಗಿದೆ. ಇಡೀ ಗುಂಪು ಹಿಂದೆ ಸರಿಯಿತು. ಮಾವನ ಗಾಡಿ ಹೊಡೆಯುವ ಸೂರಪ್ಪನೂ ಜ್ವರದಲ್ಲಿ ಬಿದ್ದಿದ್ದರಿಂದ ಸ್ವತಃ ಮಾವನವರೇ ಐರಾವತನ ಲಗಾಮು ಹಿಡಿದಿದ್ದರು. ಅವರ ಭಾರಕ್ಕೆ ಜಟಕಾದ ಮೂತಿ ಆಕಾಶ ನೋಡುತ್ತಿತ್ತು. ಜ್ವರ ಬಿಟ್ಟು ಇನ್ನೂ ಕೋಲು ಹಿಡಿದೇ ನಡೆಯುತ್ತಿದ್ದ ವಾಮದೇವಪ್ಪ, ಬರುವ ಕೆಮ್ಮನ್ನು ನುಂಗಿಕೊಂಡು ಹಸಿರು ವಸ್ತ್ರ ಬೀಸಿದ.

"ಚಲ್ ಬೇಟಿ!"

ಅಬ್ಬಬ್ಬಾ! ಏನು ಹೇಳಲಿ! ಸಿತಾರಾ ಹಾರಿದಳು. ಬೇವಿನಮರ, ಕಟ್ಟಿಗೆ ಅಡ್ಡೆ, ಮಿಲ್ಲಿನ ಗೋಡೆ ಎಲ್ಲ ಹಿಂದಕ್ಕೆ ಓಡಿದವು. ನನ್ನ ಟೋಪಿ ಹಾರಿಹೋಯಿತು, ಹೋಗಲಿ ಬಿಡು ಎಂದೆ. ಮೇಜಿನ ಮೇಲೆ ಬಡಿಯುತ್ತಿದ್ದ ಆ ಟಕಟಕ ಈಗ ನನ್ನ ಮುಂದೆಯೇ, ನಿಜವಾದ ಗೊರಸಿನಿಂದ ಏಳುತ್ತಿತ್ತು. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. (ಇದನ್ನು ಮೈಲಮ್ಮನಿಗೆ ಯಾರೂ ಓದಿ ಹೇಳಬಾರದು.)

ಬಾತಿ ಕೆರೆ ಬಂತು. ಏರಿಯ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದಳು. ನಾವು ಹತ್ತಿರವಾದೆವು. ಅಜ್ಜಿ ತಲೆ ಎತ್ತಿದಳು. ಬಾಯಿ ತೆರೆದಳು. ಬೇಡ ಅಜ್ಜಿ, ಬೇಡ ತಾಯಿ, ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

"ಆಕ್ಷೀ!"

ಸಿತಾರಾ ನಿಂತಳು. ನಾನು ಅವಳ ಬೆನ್ನಿನ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂದು ಸೀನು!"

"ಯಾಕಪ್ಪಾ?"

"ಪುಣ್ಯ ಬರ್ತೈತೆ."

"ಪುಣ್ಯ ಬಂದ್ರೇನು, ಸೀನು ಬರಬೇಕಲ್ಲ? ನಿಂಗೆ ಬೇಕಾದ್ರೆ ನೀನೇ ಸೀನ್ಕ."

ನಾನು ಬಾಯಲ್ಲೇ "ಆಕ್ಷೀ" ಎಂದೆ. ಸಿತಾರಾ ಕತ್ತು ತಿರುಗಿಸಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಂಥ ತಿರಸ್ಕಾರವನ್ನು ನಾನು ಹೆಂಡತಿಯ ಕಣ್ಣಲ್ಲೂ ಕಂಡಿಲ್ಲ. ಹಿಂದಿನಿಂದ ಗಾಲಿಯ ಸದ್ದು ಬಂತು. ಐರಾವತ ಸಾವಕಾಶವಾಗಿ ನನ್ನನ್ನು ದಾಟಿತು. "ಏನ್ ಅಳಿಯಂದ್ರೆ, ಅಜ್ಜಿ ಸಂಗಡ ಕಷ್ಟಸುಖ ಮಾತಾಡ್ತೀರೇನು? ಮಾತಾಡ್ರಿ, ಮಾತಾಡ್ರಿ" ಎಂದು ಮಾವ ಮುಂದೆ ಹೋದರು.

ನನ್ನ ಕುರ್ಚಿ, ಕುರ್ಚಿಯ ಕೈ, ನನ್ನ ಹೆಸರು, ಎಲ್ಲ ಆ ಧೂಳಿನಲ್ಲಿ ಮರೆಯಾಗುತ್ತಿದ್ದವು. ಅಷ್ಟರಲ್ಲಿ ಏರಿಯ ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಯಾವನೋ ಪುಣ್ಯಾತ್ಮ "ಹಾಕ್ಷೀ" ಎಂದ. ಜೋಡಿಯಾಯಿತು! ಸಿತಾರಾ ಚಿಮ್ಮಿದಳು. ಒಂದು ಸೀನು ಅಜ್ಜಿಯದು, ಇನ್ನೊಂದು ಬೇರೆಯವನದು ಎಂಬ ಭೇದ ಅವಳಿಗಿರಲಿಲ್ಲ. ಸೀನಿನ ಲೆಕ್ಕ ಗೊತ್ತೇ ಹೊರತು ಸೀನಿದವರ ಲೆಕ್ಕ ಅವಳಿಗೆ ಗೊತ್ತಿಲ್ಲ.

ಚಲ್ ಬೇಟಿ, ಚಲ್ ಬೇಟಿ ಎಂದು ಕೂಗುತ್ತ ಐರಾವತನ ಬೆನ್ನು ಹತ್ತಿದೆ. ಹಿಡಿದೆ. ದಾಟಿದೆ. ಹರಿಹರದ ಮನೆಗಳು ಕಂಡವು. ಹಿಂತಿರುಗಿ ನೋಡಿದರೆ ಮಾವ ಬೆರಳಷ್ಟು ಕಾಣುತ್ತಿದ್ದರು. ಇನ್ನೇನು, ಮಂಡಿ ಬೀದಿಯ ತಿರುವು. ತಿರುಗಿದೆ. ಬೀದಿಯ ಆ ತುದಿಯಲ್ಲಿ ಮಂಡಿಯ ಕಟ್ಟೆ. ಕಟ್ಟೆಯ ಮೇಲೆ ಗೆದ್ದವರಿಗೆ ಎತ್ತಲು ಆರತಿ ತಟ್ಟೆ ಹಿಡಿದು ಮೈಲಮ್ಮ ನಿಂತಿದ್ದಳು.

ಅವಳು ನನ್ನನ್ನು ನೋಡಬೇಕು, ಗೆಲ್ಲುತ್ತಿರುವ ಗಂಡನ ಮುಖವನ್ನು ಒಮ್ಮೆಯಾದರೂ ಪೂರ್ತಿ ನೋಡಬೇಕು ಎಂದು ಆಸೆಯಾಯಿತು. ಮೂಗಿಗೆ ಕಟ್ಟಿದ್ದ ವಸ್ತ್ರವನ್ನು ಕಿತ್ತು ಎಸೆದೆ. ಎಸೆದು ಒಂದು ದೀರ್ಘವಾದ ಉಸಿರು ಎಳೆದುಕೊಂಡೆ.

ಅದು ಮೆಣಸಿನಕಾಯಿ ಬೀದಿಯೆಂಬುದನ್ನು ಮರೆತಿದ್ದೆ.

ಅಂದು ಮಂಡಿಯವರೆಲ್ಲ ಚೀಲ ಸುರಿದು ಕಾಯಿ ಆರಿಸುತ್ತಿದ್ದರು. ಗಾಳಿಗೇ ಕೆಂಪು ಬಣ್ಣ ಬಂದಿತ್ತು. ನನ್ನ ಮೂಗಿನ ಬುಡದಲ್ಲಿ ಏನೋ ಹರಿದಾಡಿತು. ಮೂಗು ಹಿಂಡಿದೆ. ನಾಲಿಗೆ ಕಚ್ಚಿದೆ. ಹರಿಹರೇಶ್ವರನನ್ನು ನೆನೆದೆ. ಕಣ್ಣಲ್ಲಿ ನೀರು ಬಂತು, ಕಿವಿ ಗುಂಯ್‌ಗುಟ್ಟಿತು. ಕಟ್ಟೆಗೆ ಇನ್ನು ಹತ್ತು ಮಾರು...

"ಆಆಆಕ್ಷೀ!"

ಸಿತಾರಾ ನಿಂತಳು.

ಇನ್ನೊಂದಕ್ಕಾಗಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಸೂರ್ಯನನ್ನು ದಿಟ್ಟಿಸಿದೆ. ಜಟಕಾದ ಹುಲ್ಲಿನ ಕಡ್ಡಿ ಕಿತ್ತು ಮೂಗಿಗೆ ತುರುಕಿದೆ. ಬರಲೊಲ್ಲದು. ಬೀದಿಯ ಹಮಾಲರು ಮೆಣಸಿನಕಾಯಿಯಲ್ಲೇ ಹುಟ್ಟಿ ಬೆಳೆದವರು, ಅವರ ಮೂಗಿಗೆ ಸೀನಿನ ಹೆಸರೇ ಗೊತ್ತಿಲ್ಲ. ಆಗ ಮೈಲಮ್ಮನ ಮುಖ ನೋಡಿದೆ. ಅವಳ ಮೂಗು ಕೆಂಪಾಗಿತ್ತು, ಕಣ್ಣು ತೊಯ್ದಿತ್ತು. (ಹೊಳೆ ಗಾಳಿಯ ಹರಿಹರದಲ್ಲಿ ಅವಳಿಗೂ ನೆಗಡಿ ಹಿಡಿದಿತ್ತು.) ನನಗೆ ಜೀವ ಬಂದಂತಾಯಿತು.

"ಮೈಲಿ! ಸೀನೇ!"

ಅವಳ ಮೂಗಿನ ಹೊಳ್ಳೆ ಅರಳಿತು. ಬಾಯಿ ತೆರೆಯಿತು. ಸೀನು ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಅವಳು ಸೆರಗನ್ನು ಮೂಗಿಗೆ ಒತ್ತಿ ಹಿಡಿದಳು.

"ತಡೀಬ್ಯಾಡ್ವೇ! ನಿನ್ನ ಗಂಡನ ಮಾನ ಐತೆ! ಒಂದೇ ಒಂದು ಸೀನು!"

ಅವಳ ಮುಖ ಕೆಂಪಾಯಿತು, ಹೆಗಲು ಅದುರಿತು, ಆರತಿಯ ದೀಪ ಅಲ್ಲಾಡಿತು. ಆದರೂ ಸೆರಗು ಸಡಿಲಿಸಲಿಲ್ಲ. ಮದುವೆಯಾದಾಗಿನಿಂದ ನನ್ನ ಹೆಂಡತಿ ಏನನ್ನಾದರೂ ತಡೆದುಕೊಂಡದ್ದನ್ನು ನಾನು ಕಂಡಿದ್ದು ಅಂದೇ ಮೊದಲು.

ತಿರುವಿನಲ್ಲಿ ಗಾಲಿಯ ಸದ್ದಾಯಿತು. ಐರಾವತ ಬರುತ್ತಿತ್ತು. ಓಡುತ್ತಿರಲಿಲ್ಲ, ನಡೆದುಕೊಂಡು ಬರುತ್ತಿತ್ತು. ನನ್ನ ಪಕ್ಕಕ್ಕೆ ಬಂದಾಗ ನಾನು ಮಾನ ಬಿಟ್ಟು ಕೈ ಚಾಚಿದೆ.

"ಮಾವಾರೆ, ಒಂದು ಚಿಟಿಕೆ ನಶ್ಯ!"

"ಕೊಡದೆ ಏನು ಅಳಿಯಂದ್ರೆ? ಕಟ್ಟೆ ಮುಟ್ಟಿ ಬಂದು ಕೊಡ್ತೀನಿ, ಇರ್ರಿ" ಎಂದು ಮಾವ ಪ್ರೀತಿಯಿಂದ ಹೇಳಿ ಹೋದರು. ಐರಾವತನ ಮೂಗು ಕಟ್ಟೆಗೆ ತಾಗಿತು. ಹಮಾಲರು ಹೋ ಎಂದರು. ಮೈಲಮ್ಮ ಆಗ ಸೆರಗು ತೆಗೆದು, ಆವರೆಗೆ ಹಿಡಿದಿಟ್ಟದ್ದನ್ನೆಲ್ಲ ಸೇರಿಸಿ ಒಂದು ಸೀನು ಸೀನಿದಳು. ಆರತಿಯ ದೀಪ ಆರಿತು. ಸಿತಾರಾ ಜೋಡಿ ಸೀನೆಂದು ಸಂಭ್ರಮದಿಂದ ಚಿಮ್ಮಿ, ಕಟ್ಟೆಯ ಮುಂದೆ ಹೋಗಿ, ಗೆದ್ದವಳ ಠೀವಿಯಲ್ಲಿ ನಿಂತಳು.

"ಅಲ್ಲೇ, ಯಾಕ ತಡಕಂಡೆ? ನಾನು ಸೀನಿದ್ದು ಒಂದು, ನೀನೂ ಒಂದು ಸೀನಿದ್ರೆ ಜೋಡಿ ಆಗ್ತಿತ್ತಲ್ಲ?" ಎಂದು ಅಂದು ಊಟದ ಮಣೆಯಲ್ಲಿ ಕೇಳಿದೆ.

"ನಿಮ್ದು ಬ್ಯಾರೆ, ನಂದು ಬ್ಯಾರೆ. ಎರಡು ಒಂಟಿ ಸೀನು ಆಗ್ತಿತ್ತು. ಅಪ್ಪ ಗೆದ್ದು ಬರೋ ಹೊತ್ನಾಗೆ ಅಪಶಕುನ ಮಾಡಾಕೆ ನಂಗೇನು ಬುದ್ಧಿ ಇಲ್ಲೇನ್ರೀ?" ಎಂದು ಅವಳು ನನ್ನ ಎಲೆಗೆ ಹೋಳಿಗೆ ಹಾಕಿದಳು. ನನ್ನ ಕುದುರೆ ಗೆದ್ದರೆ ಅವಳೂ ಮತ್ತೆ ದಾವಣಗೆರೆಯ ನಲ್ಲಿಗೆ ಹೋಗಿ ಪಾಳಿ ನಿಲ್ಲಬೇಕಿತ್ತೆಂಬುದನ್ನು ನಾನು ಇಡೀ ವಾರದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಮಾವನ ಮನೆಯ ಹಿತ್ತಲಲ್ಲಿ ಸಿಹಿನೀರಿನ ಬಾವಿ ಇದೆ.

ಈಗ ನಾನು ಹರಿಹರದಲ್ಲಿದ್ದೇನೆ. ಫ್ಲೂ ಬಂದ ದಾರಿಯಲ್ಲೇ ಹೋಯಿತು. ನಾನು ಹೋಗಲಿಲ್ಲ. ಗಲ್ಲಾದ ಹಿಂದೆ ಕೂತ ಮೊದಲ ದಿನದಿಂದಲೂ ಘಾಟಿಗೆ ಸೀನುತ್ತಲೇ ಇದ್ದೇನೆ, ಅದೂ ಒಂದೊಂದೇ, ಬಿಟ್ಟು ಬಿಟ್ಟು. ಗುಣವಾದ ಲಾಲ್ ಸಾಬ್ರು ಸಿತಾರಾಳ ಜಟಕಾದಲ್ಲಿ ಹಳ್ಳಿಯ ರೈತರನ್ನು ಕೂರಿಸಿಕೊಂಡು ಬೇರೆ ಮಂಡಿಗಳಿಗೆ ಹೋಗಲು ಇದೇ ಬೀದಿಯಲ್ಲಿ ಹಾಯುತ್ತಾರೆ. ನಾನು ಒಂದು ಸೀನುತ್ತೇನೆ. ಸಿತಾರಾ ನಮ್ಮ ಬಾಗಿಲಲ್ಲೇ ನಿಲ್ಲುತ್ತಾಳೆ. ಕಾದು ಕಾದು ಬೇಸತ್ತ ರೈತರು ಇಲ್ಲೇ ಇಳಿದು ಇಲ್ಲೇ ಚೀಲ ಹಾಕುತ್ತಾರೆ. ವ್ಯಾಪಾರ ಏರಿತೆಂದು ಮಾವ ನನ್ನನ್ನು ಗಲ್ಲಾದಿಂದ ಎಬ್ಬಿಸಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದ್ದಾರೆ. ಅದಕ್ಕೆ ಕೈ ಇಲ್ಲ. ಓಡುವ ಕುದುರೆ ನೋಡಬೇಕೆಂದು ಹಂಬಲಿಸಿದವನಿಗೆ ಓಡುವ ಕುದುರೆಯನ್ನು ನಿಲ್ಲಿಸುವ ಉದ್ಯೋಗ.

ಮೊನ್ನೆ ಮಾವನಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ಪಾಪ, ಅಳಿಯಂದ್ರು ಎಷ್ಟು ಆಸೆ ಪಟ್ಟಿದ್ರು. ಬರೋ ವರ್ಷ ನಾನೇ ಬೆಂಗಳೂರಿಗೆ ಕರ್ಕೊಂಡು ಹೋಗಿ ರೇಸು ತೋರಿಸ್ತೀನಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಅವರ ಕಾಲು ಮುಟ್ಟಲು ಬಾಗಿದೆ.

ಒಳಗಿನಿಂದ ಮೈಲಮ್ಮ ಧಾವಿಸಿ ಬಂದಳು.

"ಬ್ಯಾಡಪ್ಪೋ, ಬ್ಯಾಡ! ಇವ್ರು ಅಲ್ಲಿ ಹೋಗಿ ಒಂದು ಸೀನು ಸೀನಿ, ಅಷ್ಟೂ ಕುದುರೆ ನಿಂತುಬಿಟ್ರೆ ಜವಾಬು ಕೊಡೋರು ಯಾರು?"